ಬೀಚಿನಾಚೆ ಒಂದು ಅಂಜದೀವ

ರಜೆ ಅಂದ ತಕ್ಷಣ ನಮ್ಮ ಆಫೀಸಿನಲ್ಲಿ ಕೇಳಿಬರುವುದು ಎರಡೇ ಹೆಸರು. ದುಡ್ಡಿದ್ದವರು ಮಾಲ್ಟಾ ಅಂತಾರೆ, ಉಳಿದವರು ಗೋವಾ. ಎರಡೂ ಕಡೆಯ ಫೋಟೋಗಳು ಮಾತ್ರ ಒಂದೇ ಥರ... ಮರಳು, ನೀಲಿ ನೀರು, ಕಪ್ಪು ಕನ್ನಡಕ :-) ನಾನು ಒಂದು ವಾರ ರಜೆ ಹಾಕಿ, ಯಶವಂತಪುರದಲ್ಲಿ ರೈಲು ಹತ್ತಿ ಕಾರವಾರಕ್ಕೆ ಹೋದೆ. ಬೀಚು ಸಾಕು, ದ್ವೀಪ ನೋಡೋಣ ಅಂತ. ಹೊನ್ನಾವರದೆದುರಿನ ಬಸವರಾಜದುರ್ಗ, ನರಸಿಂಹನ ಜಾತ್ರೆ ನಡೆಯುವ ಕೂರ್ಮಗಡ, ದೀಪಸ್ತಂಭವಿರುವ ದೇವಗಡ, ಇವುಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ತಲೆಯಲ್ಲಿ ಉಳಿದುಬಿಟ್ಟದ್ದು ಕಾಲಿಡಲಾಗದೆ ದೂರದಿಂದಷ್ಟೇ ನೋಡಿದ ಅಂಜದೀವ.

ಕಾರವಾರದ ದಡದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಸರ್ಕಾರಿ ಲೆಕ್ಕದಲ್ಲಿ ಇದು ಗೋವಾದ ಕಾಣಕೋಣ ತಾಲೂಕಿಗೆ ಸೇರಿದ್ದು. ಉದ್ದ ಒಂದೂವರೆ ಕಿಲೋಮೀಟರ್ ಇದ್ದೀತು. ಇಷ್ಟು ಚಿಕ್ಕ ಜಾಗಕ್ಕಾಗಿ ಇಷ್ಟೊಂದು ಜನ ಯಾಕೆ ಬಡಿದಾಡಿದರು? ಸೋಲದೇವನಹಳ್ಳಿಯವನಿಗೆ ಇದು ಬೇಗ ಅರ್ಥವಾಗುತ್ತದೆ (ಬೇಸಿಗೆಯಲ್ಲಿ ನಮ್ಮ ಟ್ಯಾಂಕರಿನವನು ಫೋನೆತ್ತಿದರೆ ಅದೇ ಹಬ್ಬ). ಸುತ್ತಲೂ ಉಪ್ಪುನೀರು, ನಡುವೆ ಸಿಹಿನೀರಿನ ಒರತೆ. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗಿನವರಿಗೆ ಇನ್ನೇನು ಬೇಕು?

1498ರ ಸೆಪ್ಟೆಂಬರ್ ಕೊನೆಯಲ್ಲಿ ಕಲ್ಲಿಕೋಟೆಯಿಂದ ವಾಪಸು ಹೊರಟ ವಾಸ್ಕೋ ಡ ಗಾಮ ನೀರಿಗಾಗಿ ನಿಂತದ್ದು ಇಲ್ಲೇ. ಆ ಪ್ರಯಾಣದ ದಿನಚರಿಯಲ್ಲಿ ದ್ವೀಪದ ಕಲ್ಲಿನ ಕೆರೆ, ಪಾಳುಬಿದ್ದ ಒಂದು ಕಲ್ಲಿನ ಗುಡಿ, ಹುಲ್ಲು ಹೊದಿಸಿದ ಗರ್ಭಗುಡಿಯಲ್ಲಿ ಪೂಜೆಗೊಳ್ಳುತ್ತಿದ್ದ ಮೂರು ಕಪ್ಪು ಕಲ್ಲುಗಳು, ಎಲ್ಲವೂ ಬರುತ್ತವೆ. ಅಂಕೋಲೆಯ ಆರ್ಯಾದುರ್ಗೆ ಮೂಲದಲ್ಲಿ ಅಂಜದೀವದ ದೇವಿ, ಪೋರ್ಚುಗೀಸರ ಕಾಟಕ್ಕೆ ಅಲ್ಲಿಂದ ಬಂದವಳು ಎಂಬ ನಂಬಿಕೆ ಈ ಕಡೆ ಇದೆ. ಆದರೆ ದಿನಚರಿಯ ಪ್ರಕಾರ ಪೋರ್ಚುಗೀಸರು ಬರುವ ಮೊದಲೇ ಗುಡಿ ಪಾಳಾಗಿತ್ತು. ಎರಡೂ ನಿಜವಿರಬಹುದು. ಪಾಳುಗುಡಿಗೂ ದೇವರಿರುತ್ತದಲ್ಲ.

ಅಂದ ಹಾಗೆ, ಅದೇ ವಾರ ಗಾಮನ ಹಡಗಿಗೆ ವೆನಿಸ್ಸಿನ ಭಾಷೆ ಮಾತಾಡುವ ಒಬ್ಬ ಬಂದ. ಗೋವೆಯ ಸುಲ್ತಾನನ ಕಡೆಯ ಗೂಢಚಾರನೆಂದು ಹಿಡಿದು ಹೊಡೆದು ಬಾಯಿ ಬಿಡಿಸಿದರು. ಮೆಡಿಟರೇನಿಯನ್ ಕಡೆಯಿಂದ ಇಷ್ಟು ದೂರ ಬಂದು ಸೇರಿದ್ದ ಯಹೂದಿ ಅವನು. ಲಿಸ್ಬನ್ನಿಗೆ ಒಯ್ದು ಕ್ರೈಸ್ತನನ್ನಾಗಿ ಮಾಡಿ ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟರು. 1500ರಲ್ಲಿ ಕಬ್ರಾಲ್ ಬ್ರೆಜಿಲ್ ಮುಟ್ಟಿದಾಗ ಈತನೂ ಜೊತೆಗಿದ್ದ! ಕಾರವಾರದೆದುರು ಸಿಕ್ಕಿಬಿದ್ದವನು ಬ್ರೆಜಿಲ್ ನೋಡಿದ ಕಥೆ ಸಿನಿಮಾದವರ ಕಣ್ಣಿಗೆ ಯಾಕೆ ಬಿದ್ದಿಲ್ಲವೋ.

1505ರಲ್ಲಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ, ಬಿಜಾಪುರದ ಕಡೆಯವರು ಮುತ್ತಿದರು, ಪೋರ್ಚುಗೀಸರು ಬೇಗನೆ ಕೋಟೆ ಬಿಟ್ಟು ಹೋದರು. ಮುಂದಿನದ್ದು ನಾವೆಲ್ಲ ಓದಲೇಬೇಕಾಗಿದ್ದ ಕಥೆ.

ಎರಡನೇ ಚಾರ್ಲ್ಸ್‌ಗೆ ಬೊಂಬಾಯಿ ವರದಕ್ಷಿಣೆಯಾಗಿ ಸಿಕ್ಕಿತು ಅಂತ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಓದಿದ್ದೇವೆ. ಆ ಸಾಲಿನಲ್ಲಿ ಎರಡೂವರೆ ವರ್ಷ ಕಾಣೆಯಾಗಿದೆ. ಒಪ್ಪಂದವಾದದ್ದು 1661ರಲ್ಲಿ. 1662ರಲ್ಲಿ ಅಬ್ರಹಾಂ ಶಿಪ್ಮನ್ ನಾಲ್ಕುನೂರು ಚಿಲ್ಲರೆ ಸೈನಿಕರೊಂದಿಗೆ ಬಂದರೆ, ಪೋರ್ಚುಗೀಸ್ ವೈಸರಾಯ್ ಕಾಗದಪತ್ರ ಸರಿಯಿಲ್ಲ ಅಂತ ಊರು ಕೊಡಲಿಲ್ಲ (ಸರ್ಕಾರಿ ಕಚೇರಿಗೆ ಅಲೆದವರಿಗೆ ಇದು ಹೊಸದಲ್ಲ). ಸೂರತ್ತಿನಲ್ಲಿ ಇಳಿಸಿಕೊಂಡರೆ ಮೊಗಲರು ಸುಮ್ಮನಿರುವುದಿಲ್ಲ ಅಂತ ಕಂಪನಿಯವರೂ ಕೈಚೆಲ್ಲಿದರು. ಕೊನೆಗೆ ಅಷ್ಟೂ ಜನರನ್ನು ಇಳಿಸಿದ್ದು ಅಂಜದೀವದಲ್ಲಿ. ನೀರಿತ್ತು ನಿಜ, ಆದರೆ ಕರಾವಳಿಯ ಮಳೆಗಾಲಕ್ಕೆ ತಡೆಯುವ ಸೂರಿರಲಿಲ್ಲ. ಜ್ವರ, ಭೇದಿ. 1664ರಲ್ಲಿ ಶಿಪ್ಮನ್ ಕೂಡ ಅಲ್ಲೇ ತೀರಿಕೊಂಡ. 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಬೊಂಬಾಯಿಯನ್ನು ವಹಿಸಿಕೊಂಡಾಗ ಉಳಿದಿದ್ದವರು ನೂರರ ಆಸುಪಾಸು. ಮೂರೇ ವರ್ಷಕ್ಕೆ ರಾಜ ಅದೇ ಊರನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟುಬಿಟ್ಟ. ಸತ್ತ ಆ ಮುನ್ನೂರು ಜನಕ್ಕೆ ಅದೆಲ್ಲಿ ಗೊತ್ತಾಗಬೇಕು?

1682ರಲ್ಲಿ ಪೋರ್ಚುಗೀಸರು ಮರಳಿ ಬಂದು ಕೋಟೆ ಕಟ್ಟಿದರು. ಟಿಪ್ಪುವಿನ ಕಾಲದಲ್ಲಿ ಕೆನರಾದ ಕ್ರೈಸ್ತರು ಓಡಿಬಂದು ಆಶ್ರಯ ಪಡೆದದ್ದೂ ಇಲ್ಲೇ. ಅಲ್ಲಿನ ಇಗರ್ಜಿಯ ಮಾತೆಯ ಹೆಸರು ಬ್ರೋತಾಸ್, ಪೋರ್ಚುಗೀಸಿನಲ್ಲಿ ಒರತೆಗಳು ಅಂತ. ಮತ್ತೆ ಅದೇ ನೀರು ನೋಡಿ.

1961ರ ನವೆಂಬರಿನಲ್ಲಿ ದ್ವೀಪದಿಂದ ಸಾಬರಮತಿ ಎಂಬ ನಮ್ಮ ಹಡಗಿನ ಮೇಲೆ ಗುಂಡು ಹಾರಿತು. ಗೋವಾ ಕಾರ್ಯಾಚರಣೆಗೆ ಸಿಕ್ಕ ನೆಪಗಳಲ್ಲಿ ಅದೂ ಒಂದು. ಡಿಸೆಂಬರ್ 18ರಂದು ತ್ರಿಶೂಲ್ ಮತ್ತು ಮೈಸೂರ್ (ಹೌದು, ನಮ್ಮ ಮೈಸೂರಿನ ಹೆಸರೇ!) ಹಡಗುಗಳ ಬೆಂಬಲದಲ್ಲಿ ನಾವಿಕರು ಇಳಿದರು. ನಮ್ಮ ಏಳು ಜನ ಅಲ್ಲಿ ಪ್ರಾಣ ಬಿಟ್ಟರು. ಮರುದಿನ ಪೋರ್ಚುಗೀಸರು ಶರಣಾದರು.

2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು, ಬನವಾಸಿಯ ಕದಂಬರ ಹೆಸರಿನಲ್ಲಿ. ನೆಲೆಗಾಗಿ ಅರಗಾದಂಥ ಹಳ್ಳಿಗಳ ಜನ ಮನೆ ಬಿಟ್ಟರು. ಅಂಜದೀವಕ್ಕೂ ದಡಕ್ಕೂ ನಡುವೆ ಈಗ ಅಲೆತಡೆಯ ಕಲ್ಲುಗೋಡೆ ಇದೆ, ಅನುಮತಿಯಿಲ್ಲದೆ ಯಾರೂ ಹೋಗುವಂತಿಲ್ಲ. ದೋಣಿಯವರನ್ನು ಕೇಳಿದರೆ ದೂರದಿಂದಲೇ ಕೈ ತೋರಿಸುತ್ತಾರೆ.