ಬ್ರೇಕಿನ ಗಾಳಿ ತೆಗೆಯುವ ವಿದ್ಯೆ

ಹಾನಗಲ್ಲಿನಿಂದ ಹೊರಟು ಶಿರಸಿ ದಾಟಿ ಕುಮಟೆಯತ್ತ ಇಳಿಯುವ ದೇವಿಮನೆ ಘಟ್ಟ ಹಳೆಯ ಕಾರುಗಳಿಗೆ ಪರೀಕ್ಷೆಯ ಜಾಗ. ಶಿಗ್ಗಾವಿಯ ಹೆದ್ದಾರಿಯಲ್ಲಿ, ಸವಣೂರಿನ ಸಪಾಟು ರಸ್ತೆಯಲ್ಲಿ ತಕರಾರಿಲ್ಲದೆ ಓಡಿದ ಅಂಬಾಸಿಡರ್ ಘಟ್ಟದ ನಾಲ್ಕಾರು ತಿರುವು ಇಳಿಯುವಷ್ಟರಲ್ಲಿ ಕೈಕೊಡಬಹುದು. ಪೆಡಲ್ ಒತ್ತಿದರೆ ಹತ್ತಿಯ ಅಂಡಿಗೆ ತುಳಿದಂತೆ ಮೆತ್ತಗೆ ಒಳಕ್ಕೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬ್ರೇಕಿನ ಕೊಳವೆಯೊಳಗೆ ಸೇರಿಕೊಂಡ ಗಾಳಿಯೋ ಹಬೆಯೋ ಇದಕ್ಕೆ ಕಾರಣ.

ಕಾಲಿನ ಒತ್ತಡವನ್ನು ಎಣ್ಣೆಯ ಮೂಲಕ ಚಕ್ರಕ್ಕೆ ಮುಟ್ಟಿಸುವ ಯೋಚನೆ ನೂರು ವರ್ಷ ದಾಟಿದ್ದು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ನಿಯಮವನ್ನು ಹೇಳಿದವನು ಹದಿನೇಳನೆಯ ಶತಮಾನದ ಫ್ರೆಂಚ್ ಪಂಡಿತ ಪ್ಯಾಸ್ಕಲ್. ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡ ಹಿರೇಕೆರೂರಿನ ಕಡೆಯವರಿಗೆ ನೀರಿನ ಒತ್ತಡವೇನೂ ಹೊಸ ಸಂಗತಿಯಲ್ಲ. ಮಾಸೂರಿನ ಬಳಿಯ ಮದಗದ ಕೆರೆಗೆ ತೂಬು ಕಟ್ಟಿದವರು ಲೆಕ್ಕ ಬರೆಯದೆಯೇ ಅದನ್ನು ಅರಿತಿದ್ದರು. ಇರಲಿ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ದ್ರವದ ಬ್ರೇಕಿಗೆ 1917ರಲ್ಲಿ ಪೇಟೆಂಟ್ ಪಡೆದ. ವಿಮಾನ ಕಂಪನಿಯಿಂದ ಹೆಸರಾದ ಅಲನ್ ಲಾಕ್‌ಹೀಡ್ ಇವನ ತಮ್ಮ. 1921ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಚಕ್ರಕ್ಕೂ ಈ ಬ್ರೇಕು ಪಡೆಯಿತು. 1924ರಲ್ಲಿ ಕ್ರೈಸ್ಲರ್ ಅದನ್ನು ಸುಧಾರಿಸಿ, ಸೋರುತ್ತಿದ್ದ ಚರ್ಮದ ಬಟ್ಟಲುಗಳ ಬದಲು ರಬ್ಬರಿನವನ್ನು ಹಾಕಿತು. ಹೆನ್ರಿ ಫೋರ್ಡನ ಕಂಪನಿ ಮಾತ್ರ ಸರಳು-ತಂತಿಗಳ ಹಳೆಯ ಬ್ರೇಕನ್ನು ಬಿಡಲು 1939ರ ಮಾದರಿಗಳವರೆಗೆ ಕಾಯಿತು. ಆ ಕಾಲದ ಬ್ರೇಕ್ ಎಣ್ಣೆಯಲ್ಲಿ ಮದ್ಯಸಾರದ ಜೊತೆ ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಔಡಲದ ಎಣ್ಣೆಯೂ ಇರುತ್ತಿತ್ತು ಎಂದರೆ ಇಂದಿನವರಿಗೆ ಸೋಜಿಗವಾದೀತು.

ನಮ್ಮಲ್ಲಿ ಈ ಬ್ರೇಕನ್ನು ಮನೆಮನೆಗೆ ಪರಿಚಯಿಸಿದ್ದು ಅಂಬಾಸಿಡರ್ ಮತ್ತು ಫಿಯೆಟ್. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1957ರಲ್ಲಿ ಹೊರಬಂದ ಅಂಬಾಸಿಡರ್ 2014ರವರೆಗೂ ತಯಾರಾಯಿತು. ಫಿಯೆಟ್ 1100 ನಮ್ಮಲ್ಲಿ ಪ್ರೀಮಿಯರ್ ಪದ್ಮಿನಿಯಾಗಿ ಈ ಶತಮಾನದ ಹೊಸ್ತಿಲವರೆಗೆ ಬಂತು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಹಳೆಯದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದೇ ದೊಡ್ಡ ಬಾಬತ್ತು. ತಾಲ್ಲೂಕು ಊರುಗಳಲ್ಲಿ ಗ್ಯಾರೇಜಿನ ದಾರಿ ಕಾಯದೆ ಅಂಗಳದಲ್ಲೇ ಪಾನಾ ಹಿಡಿದವರಿಗೆ ಮೊದಲು ಕೈಗೆ ಹತ್ತಿದ ಕೆಲಸಗಳಲ್ಲಿ ಇದೂ ಒಂದು. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು 'ಏರ್ ತೆಗೆಯುವುದು'.

ಇದು ಇಬ್ಬರ ಕೆಲಸ. ಒಬ್ಬರು ಪೆಡಲಿನ ಮೇಲೆ, ಇನ್ನೊಬ್ಬರು ಚಕ್ರದ ಬಳಿ. ಎಣ್ಣೆಯ ಡಬ್ಬಿಯನ್ನು ಮೊದಲು ತುಂಬಿಕೊಳ್ಳಬೇಕು. ನಡುವೆ ಅದು ಬರಿದಾದರೆ ಹೊಸ ಗಾಳಿ ನುಗ್ಗಿ ಮಾಡಿದ್ದೆಲ್ಲ ವ್ಯರ್ಥ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡ ಚಕ್ರ. ಚಕ್ರದ ಹಿಂಬದಿಯ ಪುಟ್ಟ ತಿರುಪಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಎಣ್ಣೆ ಹಾಕಿದ ಸೀಸೆಯಲ್ಲಿ ಮುಳುಗಿಸಬೇಕು. 'ಒತ್ತು' ಎಂದಾಗ ಒತ್ತಿ, 'ಹಿಡಿ' ಎಂದಾಗ ಕಾಲು ಬಿಡದೆ ಹಿಡಿಯಬೇಕು. ಆಗ ತಿರುಪು ಸಡಿಲಿಸಿದರೆ ಎಣ್ಣೆಯ ಜೊತೆ ಗುಳ್ಳೆ ಹೊರಬರುತ್ತದೆ. ತಿರುಪು ಬಿಗಿದ ಮೇಲೆಯೇ 'ಬಿಡು'. ಈ ಕ್ರಮ ತಪ್ಪಿ ಕಾಲು ಮೊದಲೇ ಮೇಲೆದ್ದರೆ ಹೊರಹೋದ ಗಾಳಿ ಮತ್ತೆ ಒಳಕ್ಕೆ. ಮಕ್ಕಳನ್ನು ಪೆಡಲಿನ ಮೇಲೆ ಕೂರಿಸಿದ ತಂದೆಯರ ಗದರಿಕೆಗೆ ಬಹುಪಾಲು ಈ 'ಬಿಡು'ವೇ ಕಾರಣವಿದ್ದೀತು. ಗುಳ್ಳೆ ನಿಂತು ಎಣ್ಣೆ ಮಾತ್ರ ಬರತೊಡಗಿದ ಮೇಲೆ ಮುಂದಿನ ಚಕ್ರ.

ಆದರೆ ಪೆಡಲ್ ಕೆಟ್ಟಾಗಲೆಲ್ಲ ಗಾಳಿಯನ್ನೇ ಶಂಕಿಸುವುದು ತಪ್ಪು. ಹಳೆಯ ಡ್ರಮ್ ಬ್ರೇಕಿನ ಗಾಡಿಗಳಲ್ಲಿ ಪೆಡಲ್ ಕೆಳಕ್ಕೆ ಹೋಗಿ ಅಲ್ಲಿ ಗಟ್ಟಿಯಾಗಿ ನಿಂತರೆ ಶೂಗಳು ಸವೆದಿವೆ, ಹೊಂದಿಸಬೇಕು. ಒತ್ತಿ ಹಿಡಿದಾಗ ನಿಧಾನವಾಗಿ ಕುಸಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರು ಹೋಗಿದೆ. ಮೆತ್ತಗಿದ್ದು, ನಾಲ್ಕಾರು ಬಾರಿ ಒತ್ತಿದಾಗ ಮೇಲೇರಿದರೆ ಮಾತ್ರ ಗಾಳಿಯ ಗುಮಾನಿ. ಒಂದೇ ಕೊಳವೆ ಜಾಲದ ಹಳೆಯ ಕಾರಿನಲ್ಲಿ ಒಂದು ಕಡೆ ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಆ ಭಯದಿಂದಲೇ ಅಮೆರಿಕದಲ್ಲಿ 1968ರಿಂದ ಎರಡು ಪ್ರತ್ಯೇಕ ಜಾಲಗಳು ಕಡ್ಡಾಯವಾದವು.

ಇನ್ನು ಘಟ್ಟದ ಪ್ರಶ್ನೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಗುರುತಿನ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಿಡಿದೇ ಬಂದರೆ ಡ್ರಮ್ಮಿನ ಕಾವು ಎಣ್ಣೆಗೆ ತಟ್ಟಿ, ಅದರಲ್ಲಿನ ನೀರು ಹಬೆಯಾಗುತ್ತದೆ. ಅರೆಮಲೆನಾಡಿನ ಹಾನಗಲ್ಲಿನಲ್ಲಿ ಮಳೆಗಾಲವಿಡೀ ನಿಂತ ಕಾರಿಗೆ ಈ ಅಪಾಯ ಹೆಚ್ಚು. ಎರಡು ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಿಸುವುದು ಲೇಸು. ಸೀಸೆಗೆ ಬಿದ್ದ ಹಳೆಯದನ್ನು ಮತ್ತೆ ಡಬ್ಬಿಗೆ ಸುರಿಯಬಾರದು, ಇಂಜಿನ್ ಎಣ್ಣೆಯನ್ನಂತೂ ಹಾಕಲೇಬಾರದು. ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ. ಬ್ರೇಕ್ ಎಣ್ಣೆ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹೊಯ್ದು ತೊಳೆಯಬೇಕು, ಇಲ್ಲವಾದರೆ ಬಣ್ಣ ಎದ್ದುಬರುತ್ತದೆ. ಕೆಲಸ ಮುಗಿದ ಮೇಲೆ ಗಾಡಿಯನ್ನು ಅಂಗಳದಲ್ಲೇ ಹತ್ತು ಮಾರು ಮುಂದೆ-ಹಿಂದೆ ಓಡಿಸಿ, ಪೆಡಲ್ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ನೋಡಿಕೊಂಡೇ ರಸ್ತೆಗೆ ಇಳಿಸಬೇಕು.