ಹರದನಹಳ್ಳಿ ಸೀಮೆಯಲ್ಲಿ ಕಾಯಿ ಮತ್ತು ಎಣ್ಣೆ

ತೆಂಗು ಒಳ್ಳೆಯ ಕೊಬ್ಬೋ ಕೆಟ್ಟ ಕೊಬ್ಬೋ ಎಂಬ ಚರ್ಚೆಯಲ್ಲಿ ಹಸಿ ಕಾಯಿಯನ್ನೂ ಕೊಬ್ಬರಿ ಎಣ್ಣೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ರೂಢಿ. ತೋಂಟದ ಸಿದ್ಧಲಿಂಗ ಯತಿಗಳ ಹುಟ್ಟೂರೆಂದು ಹೆಸರಾದ, ಚಾಮರಾಜನಗರದ ಬಳಿಯ ಹರದನಹಳ್ಳಿಯ ಸುತ್ತಮುತ್ತಲಿನ ಅಡುಗೆ ಮಾತ್ರ ಇವೆರಡನ್ನೂ ಮೊದಲಿನಿಂದ ಬೇರೆಬೇರೆಯಾಗಿಯೇ ಇಟ್ಟುಕೊಂಡು ಬಂದಿದೆ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯದು ಬಹುಪಾಲು ಮಳೆ ನಂಬಿದ ಬೇಸಾಯ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು, ಬದುವಿನಲ್ಲಿ ಹರಳು ಬೆಳೆಯುತ್ತಿದ್ದವು. ಒಗ್ಗರಣೆಯ ಎಣ್ಣೆ ಬರುತ್ತಿದ್ದುದು ಇಂಥ ಕಾಳುಗಳಿಂದ. ಗಾಣಿಗರ ಎತ್ತು ಸುತ್ತಿದಂತೆ ಗಾಣದ ಒನಕೆ ಕಾಳನ್ನು ಅರೆದು ಎಣ್ಣೆ ಬಿಡಿಸುತ್ತಿತ್ತು; ಉಳಿದ ಹುಚ್ಚೆಳ್ಳಿನ ಹಿಂಡಿ ದನಗಳಿಗೆ. ತೆಂಗು ಕೆರೆಯ ಕೆಳಗೆ, ಬಾವಿಯ ಪಕ್ಕ ನೀರಿದ್ದಲ್ಲಿ ಮಾತ್ರ. ಕೊಬ್ಬರಿ ಎಣ್ಣೆ ತಲೆಗೆ ಹಚ್ಚುವ ವಸ್ತುವಾಗಿತ್ತು. ಬಂಡೀಪುರದ ಕಾಡು ದಾಟಿ ವಯನಾಡು ಸೇರಿದರೆ ಅದೇ ಎಣ್ಣೆ ಬಾಣಲೆಗೆ ಬೀಳುತ್ತದೆ, ಕಾಸರಗೋಡಿನ ಕನ್ನಡದ ಮನೆಗಳಲ್ಲೂ ಹಾಗೆಯೇ. ಇತ್ತ ಬಯಲುಸೀಮೆಯಲ್ಲಿ ಕಾಯಿ ಸಾರಿಗೆ ಇಳಿಯುತ್ತಿದ್ದುದು ತುರಿಯಾಗಿ, ಒರಳಲ್ಲಿ ಮಸಾಲೆಯ ಜೊತೆ ರುಬ್ಬಿಸಿಕೊಂಡು.

20ನೇ ಶತಮಾನದ ಉತ್ತರಾರ್ಧದಲ್ಲಿ ಈ ಲೆಕ್ಕ ಬದಲಾಯಿತು. ಕಡಲೆಕಾಯಿ ಎಣ್ಣೆ ಆಗಲೇ ಬಳಕೆಗೆ ಬಂದಿತ್ತು. 1969ರಲ್ಲಿ ಭಾರತಕ್ಕೆ ಎಣ್ಣೆಬೀಜದ ಬೆಳೆಯಾಗಿ ಬಂದ ಸೂರ್ಯಕಾಂತಿ ಗುಂಡ್ಲುಪೇಟೆಯ ಮುಂಗಾರು ಹೊಲಗಳನ್ನು ತುಂಬಿತು. ಅಂಗಡಿಯ ರಿಫೈನ್ಡ್ ಎಣ್ಣೆ ಬಂದು ಎತ್ತಿನ ಗಾಣ ನಿಂತಿತು. ವಿಚಿತ್ರವೆಂದರೆ ಹುಚ್ಚೆಳ್ಳು, ಸೂರ್ಯಕಾಂತಿ ಎರಡರಲ್ಲೂ ಹೆಚ್ಚಾಗಿರುವುದು ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲವೇ. ಕೊಬ್ಬಿನ ಬಗೆಯಲ್ಲಿ ಹೊಸ ಎಣ್ಣೆ ಹಳೆಯದರ ದಾಯಾದಿ. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳ ನೀರು, ಬಳಿಕ ಕೊಳವೆಬಾವಿ ಬಂದ ಮೇಲೆ ತೆಂಗಿನ ತೋಟಗಳೂ ಹಬ್ಬಿದವು.

ತೆಂಗಿನ ಕೊಬ್ಬಿನ ಗುಣ ಬೇರೆ. ಕೊಬ್ಬರಿ ಎಣ್ಣೆಯ ಶೇ. 80ಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು, ಅದರಲ್ಲಿ ಲಾರಿಕ್ ಆಮ್ಲ ಮುಖ್ಯ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಕೊಬ್ಬರಿ ಎಣ್ಣೆಯ ಬಳಕೆ ಬೇಡವೆಂದಿತು. 2020ರಲ್ಲಿ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ಬಂದ, 16 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಯ ಪ್ರಕಾರ ಉಷ್ಣವಲಯದ್ದಲ್ಲದ ಸಸ್ಯದೆಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಯಿಂದ ಹೃದಯಕ್ಕೆ ಕೆಟ್ಟದಾದ ಎಲ್‌ಡಿಎಲ್ ಕೊಲೆಸ್ಟರಾಲ್ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರುತ್ತದೆ. ತೆಂಗಿನ ಪರ ವಾದಿಸುವವರು ಪೆಸಿಫಿಕ್ ಸಾಗರದ ಟೊಕೆಲಾವು ದ್ವೀಪಗಳನ್ನು ತೋರಿಸುತ್ತಾರೆ. 1981ರ ಅಧ್ಯಯನದಂತೆ ಅಲ್ಲಿನವರಿಗೆ ಆಹಾರಶಕ್ತಿಯ ಶೇ. 63 ತೆಂಗಿನಿಂದಲೇ ಬರುತ್ತಿತ್ತು, ರಕ್ತನಾಳದ ಕಾಯಿಲೆ ಮಾತ್ರ ವಿರಳ. ಆದರೆ ತೆಂಗು ಕಡಿಮೆ ತಿನ್ನುತ್ತಿದ್ದ ಪುಕಾಪುಕಾ ದ್ವೀಪದವರಿಗಿಂತ ಅವರ ಕೊಲೆಸ್ಟರಾಲ್ ಹೆಚ್ಚೇ ಇತ್ತು. ಮೀನು, ಕಾಯಿ ತಿಂದು ಬದುಕುತ್ತಿದ್ದವರ ಉದಾಹರಣೆಯನ್ನು ಬೋಂಡಾ ಕರಿಯುವ ಎಣ್ಣೆಗೆ ಅನ್ವಯಿಸಲು ಬರುವುದಿಲ್ಲ.

100 ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 33 ಗ್ರಾಂ ಕೊಬ್ಬು, ಜೊತೆಗೆ 9 ಗ್ರಾಂ ನಾರು. ಐವರ ಮನೆಯ ಸಾರಿಗೆ ಅಷ್ಟು ತುರಿ ಬಿದ್ದರೆ ತಲೆಗೆ ಸ್ಯಾಚುರೇಟೆಡ್ ಕೊಬ್ಬು 6 ಗ್ರಾಂ. ಈ ಕೊಬ್ಬಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ, ಆಹಾರಶಕ್ತಿಯ ಶೇ. 10ರ ಮಿತಿ 2,000 ಕ್ಯಾಲೊರಿ ಉಣ್ಣುವವರಿಗೆ ದಿನಕ್ಕೆ ಸುಮಾರು 22 ಗ್ರಾಂ. ದೊಡ್ಡ ಚಮಚದಲ್ಲಿ ಎರಡು ಚಮಚ ಕೊಬ್ಬರಿ ಎಣ್ಣೆ ಆ ಮಿತಿಯನ್ನು ಮುಟ್ಟಿಬಿಡುತ್ತದೆ. ಹೃದಯಕ್ಕೆ ಹಿತವಾದ ಕೊಬ್ಬಿನ ಹಣ್ಣೆಂದರೆ ಕೊಡಗಿನ ತೋಟಗಳ ಬೆಣ್ಣೆಹಣ್ಣು. ಅದರ ಕೊಬ್ಬು ಬಹುಪಾಲು ಸ್ಯಾಚುರೇಟೆಡ್ ಅಲ್ಲದ ಓಲಿಯಿಕ್ ಆಮ್ಲ. ತೆಂಗಿನಕಾಯಿ ಆ ಸಾಲಿಗೆ ಸೇರದು, ಸಾರಿನ ರುಚಿಗೆ ಬೇಕಾದಷ್ಟು ತುರಿಗೆ ಅಡ್ಡಿಯೂ ಇಲ್ಲ.