ವೇಷ ಮತ್ತು ವಿಡಂಬನೆ: ಜೆರಾಲ್ಡ್ ಕಸಾಲೆಯ ‘ಮೈನ್ ಈಸ್ ನಾಟ್ ಎ ಹೋಲಿ ವಾರ್’

ಅಮೆರಿಕದ ‘ಡಿವೋ’ ತಂಡದ ಸ್ಥಾಪಕರಲ್ಲಿ ಒಬ್ಬನೂ ಬಾಸ್ ಗಿಟಾರ್ ವಾದಕನೂ ಆದ ಜೆರಾಲ್ಡ್ ಕಸಾಲೆ 2006ರಲ್ಲಿ ‘ಮೈನ್ ಈಸ್ ನಾಟ್ ಎ ಹೋಲಿ ವಾರ್’ ಎಂಬ ರಾಕ್ ಆಲ್ಬಂ ಒಂದನ್ನು ಹೊರತಂದನು. ‘ನನ್ನದು ಪವಿತ್ರ ಯುದ್ಧವಲ್ಲ’ ಎಂಬುದು ಈ ಶೀರ್ಷಿಕೆಯ ಅರ್ಥ. ಇದು ಅವನ ಸ್ವತಂತ್ರ ಕೃತಿಯಾದರೂ ಅವನ ಹೆಸರಿನಲ್ಲಿ ಪ್ರಕಟವಾಗಲಿಲ್ಲ. ‘ಜಿಹಾದ್ ಜೆರ್ರಿ ಅಂಡ್ ದಿ ಇವಿಲ್‌ಡೂಯರ್ಸ್’ ಎಂಬ ಕಲ್ಪಿತ ತಂಡದ ಹೆಸರಿನಲ್ಲಿ, ತಲೆಗೆ ಪೇಟ ಸುತ್ತಿ ಕಪ್ಪು ಕನ್ನಡಕ ಧರಿಸಿದ ಪಾತ್ರವೊಂದರ ಮರೆಯಲ್ಲಿ ಅವನು ಈ ಹಾಡುಗಳನ್ನು ಜನರ ಮುಂದಿಟ್ಟನು. ಡಿವೋ ತಂಡವು ವೇಷ, ಮುಖವಾಡ ಮತ್ತು ಸಮವಸ್ತ್ರಗಳ ಮೂಲಕವೇ ಜನಮನ್ನಣೆ ಪಡೆದಿತ್ತು. ಹಾಗಿದ್ದೂ ಆ ತಂಡದ ಪ್ರಮುಖ ಚಿಂತಕನೇ ತೊಟ್ಟ ಈ ವೇಷ ನಿಲ್ಲಲಿಲ್ಲ. ಮೂವತ್ತು ವರ್ಷ ವೇಷದಲ್ಲಿ ಪಳಗಿದವನ ಕೈಯಲ್ಲಿ ಈ ಒಂದು ವೇಷವೇಕೆ ಸೋತಿತು ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೆಂಟ್ ಗೋಲಿಬಾರ್ ಮತ್ತು ವಿಡಂಬನೆಯ ಮೂಲ

ಕಸಾಲೆಯ ರಾಜಕೀಯ ಪ್ರಜ್ಞೆ ರೂಪುಗೊಂಡ ಸಂದರ್ಭವನ್ನು ಮೊದಲು ಗಮನಿಸಬೇಕಾಗುತ್ತದೆ. 1948ರಲ್ಲಿ ಜನಿಸಿದ ಅವನು ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದನು. 1970ರ ಏಪ್ರಿಲ್ 30ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಅಮೆರಿಕದ ಸೇನೆ ಕಾಂಬೋಡಿಯವನ್ನು ಪ್ರವೇಶಿಸಿರುವುದನ್ನು ಪ್ರಕಟಿಸಿದಾಗ ದೇಶದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪ್ರತಿಭಟನೆಗಳು ಭುಗಿಲೆದ್ದವು. ಮೇ 4ರಂದು ಕೆಂಟ್ ಆವರಣದಲ್ಲಿ ಒಹಾಯೊ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡುಗಳ ಅವಧಿಯಲ್ಲಿ 67 ಗುಂಡುಗಳನ್ನು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಮಡಿದರು. ಒಂಬತ್ತು ಮಂದಿ ಗಾಯಗೊಂಡರು. ಮಡಿದವರಲ್ಲಿ ಇಬ್ಬರು ಕಸಾಲೆಗೆ ಪರಿಚಿತರಾಗಿದ್ದರು. ಅಂದು ಆ ಗುಂಪಿನಲ್ಲಿದ್ದ ಅವನು, ಡಿವೋ ಹುಟ್ಟಲು ಆ ದಿನವೇ ಕಾರಣವೆಂದು ಮುಂದಿನ ದಿನಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡಿದ್ದಾನೆ.

ಮಾನವಕುಲವು ವಿಕಾಸ ಹೊಂದುತ್ತಿಲ್ಲ, ಹಿಮ್ಮುಖವಾಗಿ ಸಾಗುತ್ತಿದೆ ಎಂಬ ‘ಡಿ-ಎವಲ್ಯೂಷನ್’ ಅಥವಾ ಅವವಿಕಾಸದ ಪರಿಕಲ್ಪನೆಯನ್ನು ಕಸಾಲೆ ಮತ್ತು ಅವನ ಸಹಪಾಠಿ ಬಾಬ್ ಲೂಯಿಸ್ ಕಲಾ ವಿದ್ಯಾರ್ಥಿಗಳ ಹಾಸ್ಯವೆಂಬಂತೆ ಬೆಳೆಸಿದರು. ಮಾರ್ಕ್ ಮದರ್ಸ್‌ಬಾ ಅವರೊಡನೆ ಸೇರಿದ ಬಳಿಕ ಅದು ಸಂಗೀತದ ರೂಪ ತಾಳಿತು. 1973ರಲ್ಲಿ ಕೆಂಟ್ ವಿಶ್ವವಿದ್ಯಾಲಯದಲ್ಲಿಯೇ ತಂಡದ ಮೊದಲ ಪ್ರದರ್ಶನ ನಡೆಯಿತು. ಈ ಪರಿಕಲ್ಪನೆಗೆ ಒದಗಿದ ಸಾಮಗ್ರಿ ಜಾನಪದ ವಿದ್ವಾಂಸರ ಗಮನ ಸೆಳೆಯುವಂಥದು. ವಿಕಾಸವಾದವನ್ನು ಖಂಡಿಸಲು ಬಿ. ಎಚ್. ಶ್ಯಾಡಕ್ ಎಂಬ ಧರ್ಮಪ್ರಚಾರಕ 1924ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಿಂದ ‘ಜಾಕೋ ಹೋಮೊ’ ಎಂಬ ಹಾಡಿನ ಹೆಸರು ಬಂದಿತು. ಅದೇ ಹಾಡಿನ ಪ್ರಶ್ನೋತ್ತರದ ವಿನ್ಯಾಸಕ್ಕೆ, ಎಚ್. ಜಿ. ವೆಲ್ಸ್‌ನ ಕಾದಂಬರಿಯನ್ನು ಆಧರಿಸಿದ 1932ರ ‘ಐಲೆಂಡ್ ಆಫ್ ಲಾಸ್ಟ್ ಸೋಲ್ಸ್’ ಚಲನಚಿತ್ರ ಆಧಾರವಾಯಿತು. ಅಗ್ಗದ ಮುದ್ರಣ, ಬೀದಿಬದಿಯ ಧರ್ಮೋಪದೇಶ, ಹಳೆಯ ಭಯಾನಕ ಚಿತ್ರಗಳು ಹೀಗೆ ಅಮೆರಿಕದ ಜನಪ್ರಿಯ ಸಂಸ್ಕೃತಿಯ ಹಿತ್ತಿಲಿನಿಂದ ಆಯ್ದ ವಸ್ತುಗಳೇ ಡಿವೋದ ‘ಪುರಾಣ’ವನ್ನು ಕಟ್ಟಿದವು.

ಸ್ವಂತ ಸಮಾಜದ ವೇಷ

ತಂಡದ ನೆಲೆಯಾದ ಆಕ್ರನ್ ನಗರ ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಮೊದಲಾದ ಕಾರ್ಖಾನೆಗಳಿಂದಾಗಿ ಅಮೆರಿಕದ ರಬ್ಬರ್ ರಾಜಧಾನಿಯೆನಿಸಿತ್ತು. ಡಿವೋ ಸದಸ್ಯರು ತೊಟ್ಟ ಹಳದಿ ಬಣ್ಣದ ರಕ್ಷಣಾ ಉಡುಪು ಇಂಥ ಕೈಗಾರಿಕಾ ಪರಿಸರಕ್ಕೆ ಸೇರಿದ್ದಾಗಿತ್ತು. ಮದರ್ಸ್‌ಬಾ ಧರಿಸುತ್ತಿದ್ದ ರಬ್ಬರಿನ ಶಿಶುಮುಖವಾಡದ ‘ಬೂಜಿ ಬಾಯ್’ ಎಂದೂ ಬೆಳೆಯದ ಗ್ರಾಹಕನನ್ನು ನೆನಪಿಸಿದರೆ, ಮದರ್ಸ್‌ಬಾನ ತಂದೆಯೇ ಅಭಿನಯಿಸಿದ ‘ಜನರಲ್ ಬಾಯ್’ ಸೇನಾಧಿಕಾರಿಯ ಗತ್ತನ್ನು ಅಣಕಿಸುತ್ತಿತ್ತು. 1980ರಲ್ಲಿ ಬಂದ ಮೆಟ್ಟಿಲಾಕಾರದ ಕೆಂಪು ಪ್ಲಾಸ್ಟಿಕ್ ಟೋಪಿ ತಂಡದ ಲಾಂಛನವೇ ಆಯಿತು. ಈ ಎಲ್ಲ ವೇಷಗಳಿಗೂ ಒಂದು ಸಮಾನ ಲಕ್ಷಣವಿದೆ. ಕಾರ್ಖಾನೆ, ಸೇನೆ, ಮಾರುಕಟ್ಟೆ ಎಂಬ ತಮ್ಮದೇ ಸಮಾಜದ ಸಂಸ್ಥೆಗಳನ್ನು ಕಲಾವಿದರು ಮೈಮೇಲೆ ಹೇರಿಕೊಂಡು ಅತಿರೇಕಗೊಳಿಸಿದರು. ಆದ್ದರಿಂದ ವೇಷದ ನಗೆ ವೇಷಧಾರಿಯ ಮೇಲೂ ಅವನ ಪ್ರೇಕ್ಷಕನ ಮೇಲೂ ಒಟ್ಟಿಗೇ ಬೀಳುತ್ತಿತ್ತು.

ಹಾಗೆಂದು ಈ ವಿಡಂಬನೆ ಯಾವಾಗಲೂ ಸರಿಯಾಗಿಯೇ ಅರ್ಥವಾಗುತ್ತಿತ್ತು ಎನ್ನುವಂತಿಲ್ಲ. ಅಮೆರಿಕದ ‘ಬಿಲ್‌ಬೋರ್ಡ್’ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೇರಿದ ‘ವಿಪ್ ಇಟ್’ (1980) ಹಾಡು ಅಮೆರಿಕದ ಆತ್ಮೋನ್ನತಿಯ ಘೋಷಣೆಗಳ ಅಣಕವಾಗಿತ್ತು. ಆದರೆ ಕೇಳುಗರಲ್ಲಿ ಬಹಳ ಮಂದಿ ಅದರಲ್ಲಿ ಲೈಂಗಿಕ ಧ್ವನಿಯನ್ನೇ ಕಂಡರು. ಈ ತಪ್ಪು ಗ್ರಹಿಕೆಯಿಂದ ಯಾರಿಗೂ ಹಾನಿಯಾಗಲಿಲ್ಲ. ಜಿಹಾದ್ ಜೆರ್ರಿಯ ಸಂದರ್ಭದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು.

2001ರ ನಂತರದ ಭಾಷೆ ಮತ್ತು ಆಲ್ಬಮ್ಮಿನ ಆಶಯ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ರಾಜಕೀಯ ಸಂಕಥನದಲ್ಲಿ ಧಾರ್ಮಿಕ ಪದಕೋಶ ಪ್ರಬಲವಾಯಿತು. ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಶತ್ರುಗಳನ್ನು ‘ಇವಿಲ್‌ಡೂಯರ್ಸ್’, ಅಂದರೆ ದುಷ್ಕರ್ಮಿಗಳೆಂದು ಕರೆದನು. ತನ್ನ ಹೋರಾಟವನ್ನು ಒಮ್ಮೆ ‘ಕ್ರುಸೇಡ್’ ಎಂದೂ ಬಣ್ಣಿಸಿದನು. 2003ರ ಮಾರ್ಚ್‌ನಲ್ಲಿ ಇರಾಕಿನ ಮೇಲೆ ಆಕ್ರಮಣ ನಡೆಯಿತು. 2004ರ ಏಪ್ರಿಲ್‌ನಲ್ಲಿ ಅಬು ಘ್ರೈಬ್ ಸೆರೆಮನೆಯ ಚಿತ್ರಹಿಂಸೆಯ ಛಾಯಾಚಿತ್ರಗಳು ಬಹಿರಂಗಗೊಂಡವು. ಈ ನಡುವೆ ಯುದ್ಧವನ್ನು ಟೀಕಿಸಿದ ಕಲಾವಿದರು ಬೆಲೆ ತೆರಬೇಕಾಯಿತು. 2003ರಲ್ಲಿ ಲಂಡನ್ ವೇದಿಕೆಯಲ್ಲಿ ಅಧ್ಯಕ್ಷನ ವಿರುದ್ಧ ಆಡಿದ ಒಂದು ಮಾತಿಗಾಗಿ ‘ಡಿಕ್ಸಿ ಚಿಕ್ಸ್’ ತಂಡದ ಹಾಡುಗಳನ್ನು ಅನೇಕ ರೇಡಿಯೊ ಕೇಂದ್ರಗಳು ಬಹಿಷ್ಕರಿಸಿದವು.

ಕಸಾಲೆಯ ಆಲ್ಬಂ ಈ ಭಾಷೆಯನ್ನೇ ತಿರುಗಿಸಿ ಪ್ರಯೋಗಿಸಿತು. ಅಧ್ಯಕ್ಷನ ಬಾಯಲ್ಲಿ ಶತ್ರುಗಳಿಗೆ ಮೀಸಲಾಗಿದ್ದ ‘ಇವಿಲ್‌ಡೂಯರ್ಸ್’ ಪದ ಇಲ್ಲಿ ವಾದ್ಯವೃಂದದ ಹೆಸರಾಯಿತು. ‘ಆರ್ಮಿ ಗರ್ಲ್ಸ್ ಗಾನ್ ವೈಲ್ಡ್’ ಎಂಬ ಹಾಡಿನ ಶೀರ್ಷಿಕೆ, ಮೋಜಿನ ಕೂಟಗಳಲ್ಲಿನ ಯುವತಿಯರನ್ನು ಚಿತ್ರೀಕರಿಸಿ ಮಾರುತ್ತಿದ್ದ ವಿಡಿಯೊ ಸರಣಿಯ ಹೆಸರನ್ನು ಅಬು ಘ್ರೈಬ್‌ನ ಮಹಿಳಾ ಸೈನಿಕರಿಗೆ ಅನ್ವಯಿಸುತ್ತದೆ. ಮೋಜಿನ ಛಾಯಾಗ್ರಹಣ ಮತ್ತು ಹಿಂಸೆಯ ಛಾಯಾಗ್ರಹಣ ಒಂದೇ ಸಂಸ್ಕೃತಿಯ ಉತ್ಪನ್ನಗಳೆಂಬ ಕಟು ವಿಮರ್ಶೆ ಆ ಒಂದು ಶೀರ್ಷಿಕೆಯಲ್ಲಿಯೇ ಇದೆ. ‘ಐ ನೀಡ್ ಎ ಚಿಕ್’, ‘ಐ ಬೀನ್ ರೆಫ್ಯೂಸ್ಡ್’ ಮೊದಲಾದ ಹಾಡುಗಳು ಡಿವೋದ 1970ರ ದಶಕದ ಆರಂಭಿಕ ರಚನೆಗಳ ಮರುರೂಪಗಳು. ಡಿವೋಗೆ ಮೊದಲು ಕೆಂಟ್‌ನ ‘ನಂಬರ್ಸ್ ಬ್ಯಾಂಡ್’ ತಂಡದಲ್ಲಿ ನುಡಿಸಿದ್ದ ಕಸಾಲೆಯ ಬ್ಲೂಸ್ ಹಿನ್ನೆಲೆ ಇಲ್ಲಿ ಮರಳಿ ಮೇಲಕ್ಕೆ ಬಂದಿದೆ. ಡಿವೋದ ಸಂಗಡಿಗರೂ ಧ್ವನಿಮುದ್ರಣದಲ್ಲಿ ಪಾಲ್ಗೊಂಡರು. ತನ್ನ ಯುದ್ಧ ಯಾವ ಧರ್ಮದ ಪರವೂ ಅಲ್ಲ, ಅದು ಮೂರ್ಖತನದ ವಿರುದ್ಧ ಎಂಬುದು ಈ ಪಾತ್ರದ ನಿಲುವು. 1970ರ ಗೋಲಿಬಾರಿನಿಂದ ಮೂಡಿದ ಅವವಿಕಾಸದ ವಿಚಾರವೇ ಇಲ್ಲಿ ಮುಂದುವರಿದಿರುವುದು ಸ್ಪಷ್ಟ.

ಅನ್ಯರ ವೇಷದ ಚರಿತ್ರೆ

ಆಶಯದಲ್ಲಿ ನಿರಂತರತೆ ಇದ್ದರೂ ವೇಷದಲ್ಲಿ ಮೂಲಭೂತವಾದ ಪಲ್ಲಟವೊಂದು ಸಂಭವಿಸಿತ್ತು. ಅಮೆರಿಕದ ರಾಜಕೀಯ ಪ್ರತಿರೋಧದ ಚರಿತ್ರೆಯಲ್ಲಿ ಅನ್ಯರ ವೇಷ ತೊಡುವ ಪರಂಪರೆ ಹಳೆಯದು. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆಸೆದವರಲ್ಲಿ ಅನೇಕರು ಮೊಹಾಕ್ ಮೂಲನಿವಾಸಿಗಳಂತೆ ವೇಷ ಧರಿಸಿದ್ದರು. 1840ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಗೇಣಿದಾರರು ಜಮೀನ್ದಾರರ ವಿರುದ್ಧ ಬಂಡೆದ್ದಾಗ ಬಣ್ಣದ ಚೀಟಿಬಟ್ಟೆಯ ನಿಲುವಂಗಿ, ಮುಖವಾಡ ತೊಟ್ಟು ‘ಇಂಡಿಯನ್ನರು’ ಎಂದು ಕರೆದುಕೊಂಡರು. ಇನ್ನೊಂದೆಡೆ, 1830ರ ದಶಕದಿಂದ ಬೆಳೆದ ಮಿನ್‌ಸ್ಟ್ರಲ್ ಪ್ರದರ್ಶನಗಳಲ್ಲಿ ಬಿಳಿಯ ನಟರು ಸುಟ್ಟ ಬಿರಡೆಯ ಮಸಿ ಬಳಿದುಕೊಂಡು ಕರಿಯರನ್ನು ಅನುಕರಿಸಿ ನಗೆಯ ವಸ್ತುವಾಗಿಸಿದರು. ಮೊದಲೆರಡು ಪ್ರತಿರೋಧದ ಕ್ರಿಯೆಗಳು. ಮೂರನೆಯದು ಯಜಮಾನಿಕೆಯ ಮನರಂಜನೆ. ಉದ್ದೇಶ ಬೇರೆಯಾದರೂ ಮೂರರಲ್ಲಿಯೂ ವೇಷ ಯಾರದೋ ಅವರು ಆ ಸಂವಾದದಲ್ಲಿ ಪಾಲುದಾರರಾಗಿರಲಿಲ್ಲ.

ಜಿಹಾದ್ ಜೆರ್ರಿಯ ಪೇಟವನ್ನು ಈ ಸಾಲಿನಲ್ಲಿಟ್ಟು ನೋಡಬೇಕು. 2001ರ ಸೆಪ್ಟೆಂಬರ್ 15ರಂದು, ದಾಳಿಯ ನಾಲ್ಕೇ ದಿನಗಳ ಬಳಿಕ, ಅರಿಜೋನ ರಾಜ್ಯದ ಮೇಸಾದಲ್ಲಿ ಭಾರತ ಮೂಲದ ಸಿಖ್ ಸಮುದಾಯದ ಪೆಟ್ರೋಲ್ ಬಂಕ್ ಮಾಲೀಕರೊಬ್ಬರನ್ನು ಗುಂಡಿಟ್ಟು ಕೊಲ್ಲಲಾಯಿತು. ಪೇಟ ಮತ್ತು ಗಡ್ಡವನ್ನು ಕಂಡು ಕೊಲೆಗಾರನು ಅವರನ್ನು ಶತ್ರುವೆಂದು ಭಾವಿಸಿದ್ದನು. ಸಿಖ್ಖರ ಧಾರ್ಮಿಕ ಕರ್ತವ್ಯದ ಭಾಗವಾದ ಪೇಟವು ಆ ಕಾಲದ ಅಮೆರಿಕದ ಬೀದಿಗಳಲ್ಲಿ ಪ್ರಾಣಾಪಾಯದ ಗುರುತಾಗಿ ಮಾರ್ಪಟ್ಟಿತ್ತು. ಕಸಾಲೆ ವೇದಿಕೆಯಿಂದಿಳಿದು ತನ್ನ ಪೇಟವನ್ನು ಕಳಚಿಡಬಹುದಾಗಿತ್ತು. ಬೀದಿಯಲ್ಲಿ ನಡೆಯುವವರಿಗೆ ಆ ಅವಕಾಶವಿರಲಿಲ್ಲ. ಡಿವೋದ ರಬ್ಬರ್ ಮುಖವಾಡಕ್ಕೂ ಈ ಪೇಟಕ್ಕೂ ಇರುವ ನಿರ್ಣಾಯಕ ವ್ಯತ್ಯಾಸ ಇದೇ. ಅಜ್ಞಾನದಿಂದ ಹುಟ್ಟಿದ ಒಂದು ಚಿತ್ರವನ್ನು ಅಣಕಿಸಲು ಹೊರಟ ವಿಡಂಬನೆಯು ಆ ಚಿತ್ರವನ್ನೇ ಮತ್ತೊಮ್ಮೆ ಚಲಾವಣೆಗೆ ತಂದಿತು.

ಚೌಕಟ್ಟಿನ ಪ್ರಶ್ನೆ

ಅಮೆರಿಕದ ಜಾನಪದ ವಿದ್ವಾಂಸ ರಿಚರ್ಡ್ ಬೌಮನ್ ‘ವರ್ಬಲ್ ಆರ್ಟ್ ಆಸ್ ಪರ್ಫಾರ್ಮೆನ್ಸ್’ (1977) ಕೃತಿಯಲ್ಲಿ ಪ್ರದರ್ಶನವನ್ನು ಒಂದು ಅರ್ಥವಿವರಣೆಯ ಚೌಕಟ್ಟೆಂದು ನಿರೂಪಿಸಿದ್ದಾನೆ. ಇದು ಪ್ರದರ್ಶನ, ಇದನ್ನು ಹೀಗೆ ಗ್ರಹಿಸಬೇಕು ಎಂಬ ಸೂಚನೆ ಪ್ರೇಕ್ಷಕರಿಗೆ ದೊರೆತಾಗಲೇ ಮಾತು ಕಲೆಯಾಗುತ್ತದೆ. ಕರ್ನಾಟಕದ ಹಗಲುವೇಷದವರ ನಿದರ್ಶನ ಇಲ್ಲಿ ನೆರವಾಗುತ್ತದೆ. ಹಾಡಹಗಲೇ ಬೀದಿಗೆ ಬರುವ ವೇಷ ಯಾರದು, ವೇಷದೊಳಗಿರುವವರು ಯಾರು ಎಂಬುದು ಊರಿನವರಿಗೆ ತಿಳಿದೇ ಇರುತ್ತದೆ. ಆ ತಿಳಿವಳಿಕೆಯೇ ಅವರಿಗೆ ದೇವತೆಯಾಗಿ ಪೂಜ್ಯರಾಗಲೂ ಅಧಿಕಾರಿಯಾಗಿ ನಗೆಪಾಟಲಾಗಲೂ ಸಲುಗೆ ಕೊಡುತ್ತದೆ. ಡಿವೋ ಕೂಡ ತನ್ನ ಅಭಿಮಾನಿಗಳೊಡನೆ ಇಂಥ ಒಡಂಬಡಿಕೆಯನ್ನು ವರ್ಷಗಳ ಕಾಲ ಕಟ್ಟಿಕೊಂಡಿತ್ತು. ಹೊಸ ಹೆಸರು, ಹೊಸ ವೇಷದೊಡನೆ ಬಂದ ಜಿಹಾದ್ ಜೆರ್ರಿಗೆ ಆ ಬಂಡವಾಳ ದೊರೆಯಲಿಲ್ಲ.

ಪ್ರಸರಣದ ಮಾಧ್ಯಮವೂ ಚೌಕಟ್ಟನ್ನು ಸಡಿಲಗೊಳಿಸಿತು. ಆಲ್ಬಮ್ಮನ್ನು ಹೊರತಂದ ‘ಕಾರ್ಡ್‌ಲೆಸ್ ರೆಕಾರ್ಡಿಂಗ್ಸ್’ ವಾರ್ನರ್ ಸಂಗೀತ ಸಂಸ್ಥೆಯು ಅಂತರಜಾಲದ ವಿತರಣೆಗೆಂದು ರೂಪಿಸಿದ ಸಂಸ್ಥೆಯಾಗಿತ್ತು. ಅಂತರಜಾಲದಲ್ಲಿ ಹಾಡಿಗಿಂತ ಮೊದಲು ಕಣ್ಣಿಗೆ ಬೀಳುವುದು ಹೆಸರು ಮತ್ತು ಚಿತ್ರ. ಡೆನ್ಮಾರ್ಕಿನ ವ್ಯಂಗ್ಯಚಿತ್ರಗಳ ವಿವಾದ 2006ರ ಆರಂಭದಲ್ಲಿ ಅನೇಕ ದೇಶಗಳಲ್ಲಿ ಪ್ರಾಣಹಾನಿಗೆ ಎಡೆಮಾಡಿದ್ದ ವರ್ಷದಲ್ಲಿ ‘ಜಿಹಾದ್’ ಎಂಬ ಪದ ಮತ್ತು ಪೇಟ ತೊಟ್ಟ ಚಿತ್ರ ಹಾಡಿನ ಇಂಗಿತವನ್ನು ಮುಚ್ಚಿಹಾಕಿದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ವರ್ಷ ನೀಲ್ ಯಂಗ್ ‘ಲಿವಿಂಗ್ ವಿತ್ ವಾರ್’ ಆಲ್ಬಮ್ಮನ್ನು ಪ್ರಕಟಿಸಿದ್ದು ಗಮನಾರ್ಹ. ಕೆಂಟ್ ಗೋಲಿಬಾರಿನ ಬಗ್ಗೆ 1970ರಲ್ಲಿಯೇ ‘ಒಹಾಯೊ’ ಹಾಡನ್ನು ರಚಿಸಿದವನು ಈತನೇ. 2006ರಲ್ಲಿ ಅವನು ನೂರು ಕಂಠಗಳ ಮೇಳದೊಂದಿಗೆ, ಸ್ವಂತ ಹೆಸರಿನಲ್ಲಿ, ಅಧ್ಯಕ್ಷನನ್ನು ಪದಚ್ಯುತಗೊಳಿಸಬೇಕೆಂದು ನೇರವಾಗಿ ಹಾಡಿದನು. ಒಂದೇ ಘಟನೆ ತಟ್ಟಿದ ಇಬ್ಬರು ಸಂಗೀತಗಾರರು ಮೂವತ್ತಾರು ವರ್ಷಗಳ ನಂತರ ಒಂದೇ ಯುದ್ಧಕ್ಕೆ ಎರಡು ಬಗೆಯಲ್ಲಿ ಪ್ರತಿಕ್ರಿಯಿಸಿದರು. ಯಂಗ್‌ನದು ಸಾಮೂಹಿಕ ಪ್ರತಿಭಟನಾ ಗೀತೆಯ ಮಾರ್ಗ. ಕಸಾಲೆಯದು ವಿದೂಷಕನ ಮಾರ್ಗ. ಮೊದಲನೆಯದನ್ನು ಒಪ್ಪದವರಿಗೂ ಅದರ ಅರ್ಥ ತಿಳಿಯಿತು. ಎರಡನೆಯದರ ಅರ್ಥವೇ ಸಂದಿಗ್ಧವಾಯಿತು. ಹಾಗೆಂದು ವಿದೂಷಕನ ಮಾರ್ಗ ಕೀಳೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಅಬು ಘ್ರೈಬ್‌ನ ಕ್ರೌರ್ಯವನ್ನು ದೇಶದ ದೈನಂದಿನ ಮನರಂಜನೆಯೊಡನೆ ಬೆಸೆದು ತೋರಿಸುವ ಒಳನೋಟ ನೇರ ಘೋಷಣೆಗೆ ಸುಲಭವಾಗಿ ಎಟುಕುವಂಥದಲ್ಲ.

ಉಪಸಂಹಾರ

ಕಸಾಲೆ ಮುಂದೆ ಜಿಹಾದ್ ಜೆರ್ರಿಯನ್ನು ಕೈಬಿಟ್ಟು ಡಿವೋದ ಕೆಲಸಕ್ಕೆ ಮರಳಿದನು. 2010ರಲ್ಲಿ ಬಂದ ‘ಸಮ್‌ಥಿಂಗ್ ಫಾರ್ ಎವ್ರಿಬಡಿ’ ಆಲ್ಬಮ್ಮಿಗಾಗಿ ತಂಡವು ಜಾಹೀರಾತು ಸಂಸ್ಥೆಯೊಂದನ್ನು ನೇಮಿಸಿಕೊಂಡು, ಹಾಡುಗಳ ಆಯ್ಕೆಯನ್ನೂ ಟೋಪಿಯ ಬಣ್ಣವನ್ನೂ ಗ್ರಾಹಕ ಸಮೀಕ್ಷೆಗೆ ಒಪ್ಪಿಸಿದಂತೆ ಅಭಿನಯಿಸಿತು. ಕೆಂಪು ಟೋಪಿ ನೀಲಿಯಾಯಿತು. ಮಾರುಕಟ್ಟೆಯ ಒಳಗಿದ್ದುಕೊಂಡು ಮಾರುಕಟ್ಟೆಯನ್ನು ನಗುವ ಹಳೆಯ ದಾರಿ ಅದು, ಮತ್ತು ಅಲ್ಲಿ ವೇಷದ ಒಡಂಬಡಿಕೆ ಮತ್ತೆ ಊರ್ಜಿತಗೊಂಡಿತು. ಈ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟಾಗ 2006ರ ಆಲ್ಬಮ್ಮಿನ ಚಾರಿತ್ರಿಕ ಮಹತ್ವ ತಿಳಿಯುತ್ತದೆ. ಅದರ ರಾಜಕೀಯ ವಿವೇಕ ಕೆಂಟ್‌ನ ಅನುಭವದಷ್ಟೇ ಪ್ರಾಮಾಣಿಕವಾದುದು. ಅದು ಆರಿಸಿಕೊಂಡ ವೇಷ ಮಾತ್ರ ತನ್ನದಲ್ಲದ ಮೈಯಿಂದ ಎರವಲು ತಂದುದು. ಯುದ್ಧಕಾಲದ ವಿಡಂಬನೆಯನ್ನು ಅಧ್ಯಯನ ಮಾಡುವವರು ಯಾರನ್ನು ಕುರಿತು ನಗಲಾಗುತ್ತಿದೆ ಎಂಬುದರ ಜೊತೆಗೆ, ಯಾರ ಉಡುಪನ್ನು ತೊಟ್ಟು ನಗಲಾಗುತ್ತಿದೆ, ಆ ಉಡುಪನ್ನು ನಿತ್ಯ ಧರಿಸುವವರ ಪಾಡೇನು ಎಂಬುದನ್ನೂ ಕೇಳಿಕೊಳ್ಳಬೇಕಾದ ಅಗತ್ಯವನ್ನು ಈ ಕೃತಿ ಎತ್ತಿ ತೋರಿಸುತ್ತದೆ.